ಬೆಡ್ಡಿನ ಎರಡೂ ಬದಿ

ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಮುಂದೆ ಯೂನಿಟ್ ಚೀಫ್, ಹಿಂದೆ ಅಸಿಸ್ಟೆಂಟ್ ಪ್ರೊಫೆಸರ್, ಪಿಜಿಗಳು, ಹೌಸ್ ಸರ್ಜನ್‌ಗಳು, ಬಾಲದಲ್ಲಿ ಎಂಬಿಬಿಎಸ್ ಹುಡುಗ ಹುಡುಗಿಯರು. ಒಂದು ಬೆಡ್ಡಿನ ಸುತ್ತ ಹದಿನೈದು ಜನ. ಹೊದಿಕೆ ಸರಿಯುತ್ತದೆ, ಯಾರೋ ಹೊಟ್ಟೆ ಒತ್ತುತ್ತಾರೆ, ಒಬ್ಬ ವಿದ್ಯಾರ್ಥಿ ಕೇಸ್ ಪ್ರೆಸೆಂಟ್ ಮಾಡತೊಡಗುತ್ತಾನೆ. ಎರಡನೇ ವಾಕ್ಯಕ್ಕೇ ತಡವರಿಸುತ್ತಾನೆ. "ನಿನಗೆ ಸೀಟು ಕೊಟ್ಟವರು ಯಾರಯ್ಯಾ?" ಎಂಬ ಮಾತು ಬೀಳುತ್ತದೆ. ಉಳಿದವರು ನಗುತ್ತಾರೆ. ಬೆಡ್ಡಿನ ಮೇಲೆ ಮಲಗಿದವಳು ನಗುವುದಿಲ್ಲ. ಡಾಕ್ಟರೇ ಬೈಸಿಕೊಳ್ಳುತ್ತಿದ್ದಾರೆ ಅಂದರೆ ತನ್ನ ಕಾಯಿಲೆ ಎಂಥದ್ದಿರಬೇಕು ಎಂದು ಲೆಕ್ಕ ಹಾಕುತ್ತಿರುತ್ತಾಳೆ.

ಅಲ್ಲಿ ಅಂಜಿದವರು ಇಬ್ಬರು. ಇಬ್ಬರಿಗೂ ಮುಂದೇನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಇಬ್ಬರಿಗೂ ಬೇಡ ಎನ್ನಲು ದಾರಿ ಇರಲಿಲ್ಲ. ವೈದ್ಯಕೀಯ ಶಿಕ್ಷಣದಲ್ಲಿ ಈಗ ಹೆಚ್ಚು ಕೇಳಿಬರುತ್ತಿರುವ 'ಆಘಾತದ ಅರಿವಿರುವ ಬೋಧನೆ' ಎಂಬ ವಿಚಾರ ಶುರುವಾಗಬೇಕಾದದ್ದು ಈ ಬೆಡ್ಡಿನ ಪಕ್ಕದಲ್ಲಿ ಎಂಬುದು ನನ್ನ ವಾದ. ನಮ್ಮಲ್ಲಿ ಅದು ಶುರುವಾಗುತ್ತಿರುವುದು ಕೌನ್ಸೆಲಿಂಗ್ ಕೋಣೆಯಲ್ಲಿ. ಕೋಣೆ ಬೇಕು, ಸರಿ. ಆದರೆ ಪೆಟ್ಟು ಬೀಳುವ ಜಾಗ ಹಾಗೇ ಉಳಿದು, ಪಟ್ಟಿ ಕಟ್ಟುವ ಜಾಗ ಮಾತ್ರ ಹೊಸದಾದರೆ ಕೆಲಸ ಅರ್ಧವೂ ಆದಂತಲ್ಲ.

ನಮ್ಮ ಪಶ್ಚಿಮ ಬೆಂಗಳೂರು ಇದನ್ನು ಯೋಚಿಸಲು ಒಳ್ಳೆಯ ಜಾಗ. ಮೈಸೂರು ರಸ್ತೆ ಹಿಡಿದು ಹೋದರೆ ಕೆಂಗೇರಿ ಆಸುಪಾಸಿನಲ್ಲೇ ರಾಜರಾಜೇಶ್ವರಿ, ಬಿಜಿಎಸ್ ಗ್ಲೋಬಲ್ ಎಂದು ಎರಡು ಖಾಸಗಿ ವೈದ್ಯಕೀಯ ಕಾಲೇಜು. ಇತ್ತ ರಾಜಾಜಿನಗರದಲ್ಲಿ ಇಎಸ್‌ಐಸಿ ವೈದ್ಯಕೀಯ ಕಾಲೇಜು, ಅದರ ಆಸ್ಪತ್ರೆ. ಮೂರನೆಯದರ ಸಂಗತಿ ವಿಶೇಷ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದ ಕಾರ್ಮಿಕರು ತಮ್ಮ ಸಂಬಳದ ಶೇ. 0.75ರಷ್ಟನ್ನು ಇಎಸ್‌ಐ ವಿಮೆಗೆ ಕಟ್ಟುತ್ತಾರೆ, ಮಾಲೀಕರು ಶೇ. 3.25 ಸೇರಿಸುತ್ತಾರೆ. ಪೀಣ್ಯದ ಮಷಿನ್ ಶಾಪಿನವರು, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರು, ಅವರ ಮನೆಮಂದಿ ಇಂಥ ಆಸ್ಪತ್ರೆಯ ರೋಗಿಗಳು. ಇಎಸ್‌ಐ ಕಾಲೇಜುಗಳ ಎಂಬಿಬಿಎಸ್ ಸೀಟುಗಳಲ್ಲಿ ಒಂದು ಪಾಲು ವಿಮೆದಾರ ಕಾರ್ಮಿಕರ ಮಕ್ಕಳಿಗೇ ಮೀಸಲು. ಹಾಗಾಗಿ ಏಪ್ರನ್ ತೊಟ್ಟು ನಿಂತ ಹುಡುಗಿಗೆ ಬೆಡ್ಡಿನ ಮೇಲಿರುವವಳು ತನ್ನ ಅಮ್ಮನ ಫ್ಯಾಕ್ಟರಿಯವಳೇ ಆಗಿರಬಹುದು. ಕೇಸ್ ಶೀಟಿನಲ್ಲಿ ಬರೆದ ಮನೆ ಅವಳಿಗೆ ಗೊತ್ತಿರುವ ಮನೆ.

ಇದರ ಜೊತೆಗೆ ಕರ್ನಾಟಕದ ಸರ್ಕಾರಿ ಕೋಟಾ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅವರು ವಾರ್ಡಿಗೆ ಬಂದಾಗ ಆಗುವುದೇನು? ಕೇಸ್ ಪ್ರೆಸೆಂಟ್ ಮಾಡಬೇಕಾದದ್ದು ಇಂಗ್ಲಿಷಿನಲ್ಲಿ. ರೋಗಿ ಹೇಳುವುದು "ಎದೆ ಹಿಡ್ಕೊಂಡಂಗಾಗತ್ತೆ ಸಾ, ಬೆನ್ನಿಗೆ ಸೆಳೀತದೆ" ಎಂದು. ಆ ಮಾತಿನ ಎಳೆಎಳೆಯೂ ತಿಳಿಯುವುದು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಆ ಹುಡುಗಿಗೆ. ಆ ಬೆಡ್ಡಿನ ಸುತ್ತ ಒಳ್ಳೆಯ ಹಿಸ್ಟರಿ ತೆಗೆಯಬಲ್ಲವಳು ಅವಳೇ. ನಗೆಪಾಟಲಿಗೆ ಸಿಗುವವಳೂ ಅವಳೇ. ದೆಹಲಿ, ರಾಜಸ್ಥಾನದಿಂದ ಬಂದ ಸಹಪಾಠಿಗಳಿಗೆ "ನೋವಿದೆಯಾ?" ಎಂದು ಕೇಳಲು ಕಲಿಸುವುದಕ್ಕೆ ವ್ಯವಸ್ಥೆಯಿದೆ; 2019ರ ಹೊಸ ಪಠ್ಯಕ್ರಮದ ಫೌಂಡೇಶನ್ ಕೋರ್ಸಿನಲ್ಲಿ ಭಾಷೆ ಮತ್ತು ಕಂಪ್ಯೂಟರಿಗೆ 40 ಗಂಟೆ ಇಟ್ಟಿದ್ದರು. ಕನ್ನಡ ಬಲ್ಲ ಹುಡುಗಿಯ ಇಂಗ್ಲಿಷ್ ಹೆದರಿಕೆಯನ್ನು ಆ ಗಂಟೆಗಳು ಎಷ್ಟು ಕಳೆದವೋ, ಅದು ಬೇರೆ ಮಾತು.

ಆಘಾತದ ಅರಿವು ಎಂಬ ಈ ವಿಚಾರದ ಬೇರು ಎಲ್ಲಿಯದು ಎಂದು ಸ್ವಲ್ಪ ನೋಡೋಣ. 1998ರಲ್ಲಿ ಅಮೆರಿಕದ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು ಸ್ಯಾನ್ ಡಿಯಾಗೋದ ವಿಮಾ ಆಸ್ಪತ್ರೆಯೊಂದಕ್ಕೆ ಬರುತ್ತಿದ್ದವರ ಬಾಲ್ಯದ ಬಗ್ಗೆ ನಡೆಸಿದ ಅಧ್ಯಯನದ ಫಲ ಪ್ರಕಟಿಸಿದರು. ಮನೆಯಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಕುಡಿತ, ಅಪ್ಪನಿಂದ ಅಮ್ಮನಿಗೆ ಹಿಂಸೆ ಇವೆಲ್ಲ ಕಂಡುಂಡವರಲ್ಲಿ ಮುಂದೆ ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಖಿನ್ನತೆ ಹೆಚ್ಚು ಎಂದು ಅದು ತೋರಿಸಿತು. 2014ರಲ್ಲಿ ಅಲ್ಲಿನ ಮಾನಸಿಕ ಆರೋಗ್ಯ ಇಲಾಖೆ ಇದನ್ನೊಂದು ಕಾರ್ಯಸೂತ್ರವಾಗಿ ಮಾಡಿತು. ಎದುರಿಗಿರುವವರು ಏನನ್ನೋ ಅನುಭವಿಸಿ ಬಂದಿರಬಹುದು ಎಂದುಕೊಂಡೇ ವ್ಯವಹರಿಸು. ಯಾರು ಎಂದು ಪತ್ತೆ ಹಚ್ಚಲು ಹೋಗಬೇಡ. ಹಳೆಯ ಗಾಯ ಮತ್ತೆ ಕೆದರದಂತೆ ನಿನ್ನ ಪದ್ಧತಿಯನ್ನೇ ಬದಲಿಸಿಕೋ. ಸಾರಾಂಶ ಇಷ್ಟೇ.

ಅಮೆರಿಕದ ಮಾತೆಂದು ತಳ್ಳಿಹಾಕುವವರಿಗೆ ಬೆಂಗಳೂರಿನದೇ ಒಂದು ನೆನಪು ಹೇಳಬೇಕು. 1981ರ ಫೆಬ್ರುವರಿಯಲ್ಲಿ ಈ ಊರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ತೀರಿಕೊಂಡರು; ಹೆಚ್ಚಿನವರು ಮಕ್ಕಳು. ಆ ಮನೆಗಳವರ ದುಃಖವನ್ನು ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. ದುರಂತದ ನಂತರ ಮನಸ್ಸಿಗೇನಾಗುತ್ತದೆ ಎಂದು ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಭೋಪಾಲದ ಅನಿಲ ದುರಂತವಾದ ಮೇಲೆ ಸಾಮಾನ್ಯ ವೈದ್ಯಾಧಿಕಾರಿಗಳಿಗೆ ಮಾನಸಿಕ ಆರೈಕೆಯ ತರಬೇತಿ ಕೊಡಲು ಹೋದವರಲ್ಲೂ ನಿಮ್ಹಾನ್ಸ್‌ನವರಿದ್ದರು. ಜ್ಞಾನ ಈ ಊರಲ್ಲೇ ಇತ್ತು. ನಿಮ್ಹಾನ್ಸ್ ಇರುವ ಹೊಸೂರು ರಸ್ತೆಯಿಂದ ಬೇರೆ ಕಾಲೇಜುಗಳ ಸರ್ಜರಿ ವಾರ್ಡಿಗೆ ಅದು ತಲುಪಲಿಲ್ಲ, ಅಷ್ಟೆ.

ಎದುರಿಗಿರುವವರು ಏನನ್ನೋ ಅನುಭವಿಸಿ ಬಂದಿರಬಹುದು ಎಂಬ ಮಾತು ಎಲ್ಲಕ್ಕಿಂತ ಜೋರಾಗಿ ಕೇಳಬೇಕಾದದ್ದು ಫೊರೆನ್ಸಿಕ್ ಮೆಡಿಸಿನ್ ತರಗತಿಯಲ್ಲಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ವರದಿಗಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇ. 53ಕ್ಕಿಂತ ಹೆಚ್ಚು, ಹುಡುಗರೂ ಸೇರಿ. ಆ ಮಕ್ಕಳ ಪೀಳಿಗೆಯವರೇ ಕೆಲವರು ಈಗ ಸ್ಟೆತಾಸ್ಕೋಪ್ ಹಿಡಿದಿದ್ದಾರೆ. 150 ಜನರ ತರಗತಿಯಲ್ಲಿ ಅತ್ಯಾಚಾರದ ಪರೀಕ್ಷೆಯ ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಎಂದು ಮೇಷ್ಟರಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಯಾರೋ ಇದ್ದಾರೆ ಎಂದುಕೊಂಡು ಪಾಠ ಮಾಡುವುದಕ್ಕೂ, ಯಾರೂ ಇಲ್ಲ ಎಂದುಕೊಂಡು ಒಂದು ಜೋಕು ಹೊಡೆಯುವುದಕ್ಕೂ ವ್ಯತ್ಯಾಸವಿದೆ. ಈ ವಿಷಯದ ಪಾಠದಲ್ಲಿ ಜೋಕುಗಳಿಗೆ ಎಂದೂ ಬರವಿರಲಿಲ್ಲ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಹೇಳುತ್ತಾರೆ.

ಪಠ್ಯವೇ ಎಷ್ಟು ಕಾಲ ಹೇಗಿತ್ತು ನೋಡಿ. ಅತ್ಯಾಚಾರಕ್ಕೆ ಒಳಗಾದವಳ ಮೇಲೆ ನಡೆಸುವ ಎರಡು ಬೆರಳಿನ ಪರೀಕ್ಷೆ ಅವಳ ಘನತೆಗೆ, ಖಾಸಗಿತನಕ್ಕೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ತಂದಿತು. ಪರೀಕ್ಷೆಯ ಪ್ರತಿ ಹಂತಕ್ಕೂ ಒಪ್ಪಿಗೆ ಕೇಳಬೇಕು. ಯಾವುದೇ ಭಾಗಕ್ಕೆ ಆಕೆ ಬೇಡ ಎನ್ನಬಹುದು. ಬೇಡ ಎಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆಘಾತದ ಅರಿವು ಎಂದರೇನು ಎಂದು ಯಾರಾದರೂ ಕೇಳಿದರೆ ಈ ಮೂರು ಮಾತು ಸಾಕು. ಆದರೆ ತರಗತಿಯಲ್ಲಿ 'ಕನ್ಯತ್ವದ ಲಕ್ಷಣಗಳು' ಓದಿ ಬರೆಯುವ ಪ್ರಶ್ನೆಯಾಗಿಯೇ ಉಳಿದಿತ್ತು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಪ್ರಕರಣವೊಂದರ ಹಿನ್ನೆಲೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ತಿದ್ದಿತು: ಈ ಪರೀಕ್ಷೆಗಳು ಯಾಕೆ ಅವೈಜ್ಞಾನಿಕ ಎಂದು ಕಲಿಸಿ ಎಂದಿತು. ಅದೇ ವರ್ಷದ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಮತ್ತೆ ಕಟುವಾಗಿ ಹೇಳಿ, ಎರಡು ಬೆರಳಿನ ಪರೀಕ್ಷೆ ಮಾಡುವವರದು ದುರ್ನಡತೆ ಎಂದೂ ಪಠ್ಯವನ್ನು ಪರಿಶೀಲಿಸಬೇಕೆಂದೂ ಆದೇಶಿಸಿತು.

ಮುಗಿಯಿತು ಅಂದುಕೊಂಡರೆ, 2024ರ ಆಗಸ್ಟ್ ಕೊನೆಗೆ ಬಂದ ಹೊಸ ಪಠ್ಯಕ್ರಮ ಮಾರ್ಗಸೂಚಿಯಲ್ಲಿ ಕನ್ಯತ್ವದ ಪಾಠ ಮರಳಿತ್ತು. ಸಲಿಂಗ ಸಂಬಂಧಗಳು 'ಅಸಹಜ ಲೈಂಗಿಕ ಅಪರಾಧ'ಗಳ ಸಾಲಿಗೆ ಮತ್ತೆ ಸೇರಿದ್ದವು. ಗದ್ದಲವಾಯಿತು; ಸೆಪ್ಟೆಂಬರ್ ಮೊದಲ ವಾರದಲ್ಲಿ ಆಯೋಗ ಅದನ್ನು ಹಿಂತೆಗೆದುಕೊಂಡು, ಮರುವಾರ ತಿದ್ದಿದ ಪ್ರತಿ ಹೊರಡಿಸಿತು. ಅಷ್ಟು ದಿನ ಆ ಪುಟಗಳನ್ನು ಮೊಬೈಲಿನಲ್ಲಿ ಓದಿದ ಸಲಿಂಗಿ ವಿದ್ಯಾರ್ಥಿಗೆ, ತನ್ನನ್ನು ಅಪರಾಧದ ಅಧ್ಯಾಯದಲ್ಲಿ ಕಂಡವನಿಗೆ, ಕೌನ್ಸೆಲಿಂಗ್ ಕೋಣೆ ಏನು ಹೇಳಬೇಕಿತ್ತು? ಅಲ್ಲಿ ಗಾಯ ಮಾಡಿದ್ದು ಪಠ್ಯ, ತಿದ್ದಬೇಕಾದದ್ದೂ ಪಠ್ಯವನ್ನೇ.

ಹಾಗೆಂದು ಇಂಥ ಪಾಠಗಳಿಂದ ಮಕ್ಕಳನ್ನು ದೂರ ಇಡಿ ಎಂದರೆ ನಾನು ಒಪ್ಪುವವನಲ್ಲ. ನಾಳೆ ಕ್ಯಾಶುವಾಲಿಟಿಗೆ ರಾತ್ರಿ ಎರಡು ಗಂಟೆಗೆ ಎಂಎಲ್‌ಸಿ, ಅಂದರೆ ಪೊಲೀಸ್, ಕೋರ್ಟಿಗೆ ಸಂಬಂಧಿಸಿದ ಕೇಸು ಬಂದಾಗ ಡ್ಯೂಟಿ ಡಾಕ್ಟರಿಗೆ "ಈ ಅಧ್ಯಾಯ ನಾನು ಬಿಟ್ಟಿದ್ದೆ" ಎನ್ನಲಾಗದು. "ಮುಂದಿನ ವಿಷಯ ಕೆಲವರಿಗೆ ಸಂಕಟ ತರಬಹುದು" ಎಂದು ಒಂದು ಸ್ಲೈಡ್ ಹಾಕಿ ಕೈತೊಳೆದುಕೊಳ್ಳುವುದೂ ಕೆಲಸಕ್ಕೆ ಬಾರದು. ಇಂಥ ಎಚ್ಚರಿಕೆಗಳ ಬಗ್ಗೆ ನಡೆದ ಹನ್ನೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿದ್ದೇನೆಂದರೆ, ಎಚ್ಚರಿಕೆ ಸಂಕಟವನ್ನು ಕಮ್ಮಿ ಮಾಡುವುದಿಲ್ಲ. ವಿಷಯ ಬರುವ ಮುಂಚಿನ ಆತಂಕವನ್ನು ಇನ್ನಷ್ಟು ಏರಿಸುತ್ತದೆ. ಬೇಕಾದದ್ದು ಆಯ್ಕೆ. ಮುಂದಿನ ಬುಧವಾರ ಈ ಪಾಠ, ಚಿತ್ರಗಳು ಇಂಥಿಂಥವು. ಮುಂದಿನ ಸಾಲಲ್ಲಿ ಕೂರಬೇಕಿಲ್ಲ. ಎದ್ದು ಹೋದರೆ ಹಾಜರಾತಿ ಹೋಗುವುದಿಲ್ಲ, ಆದರೆ ತಿಂಗಳೊಳಗೆ ಬೇರೆ ದಿನ ಸಣ್ಣ ಗುಂಪಿನಲ್ಲಿ ಕಲಿತು ಮುಗಿಸಬೇಕು. ಕಲಿಯಬೇಕೋ ಬೇಡವೋ ಎಂಬುದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಹೇಗೆ, ಯಾವಾಗ ಎಂಬುದು ಸ್ವಲ್ಪವಾದರೂ ಇರಲಿ.

ಡಿಸೆಕ್ಷನ್ ಹಾಲಿನಲ್ಲಿ ಇದು ಇನ್ನೂ ಸ್ಪಷ್ಟ. 2010ರ ನವೆಂಬರಿನಲ್ಲಿ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆಯ ದೇಹವನ್ನು, ತಂದೆಯ ಇಚ್ಛೆಯಂತೆಯೇ, ವಿದ್ಯಾರ್ಥಿಗಳೆದುರು ತಾವೇ ಛೇದಿಸಿದ್ದು ನಾಡಿಗೆಲ್ಲ ಸುದ್ದಿಯಾಗಿತ್ತು. ಎಂಥ ಗಟ್ಟಿ ಮನಸ್ಸು ಎಂದು ಬೆರಗಾದೆವು. ಆದರೆ ಆ ಮಗನಿಗೆ ಮುಂಚೆಯೇ ಗೊತ್ತಿತ್ತು, ಸಿದ್ಧರಾಗಲು ಕಾಲವಿತ್ತು, ನಿರ್ಧಾರ ಅವರದೇ ಆಗಿತ್ತು. ಎರಡು ತಿಂಗಳ ಹಿಂದೆ ಅಪ್ಪನನ್ನು ಕಳೆದುಕೊಂಡು, ಹದಿನೆಂಟರ ವಯಸ್ಸಿನಲ್ಲಿ ಫಾರ್ಮಲಿನ್ ವಾಸನೆಯ ಹಾಲಿಗೆ ಕಾಲಿಡುವ ಹುಡುಗನಿಗೆ ಇವು ಮೂರೂ ಇರುವುದಿಲ್ಲ. ಅವನು ತಲೆಸುತ್ತಿ ಬಿದ್ದರೆ ಆ ದಿನದಿಂದ ಅವನಿಗೊಂದು ಅಡ್ಡಹೆಸರು. ಶವಕ್ಕೆ ಕೈಮುಗಿದು ಪ್ರತಿಜ್ಞೆ ತೆಗೆದುಕೊಳ್ಳುವ ಪದ್ಧತಿ ಈಗ ಕಾಲೇಜುಗಳಲ್ಲಿ ಬಂದಿದೆ. ನಡತೆ, ನೀತಿ, ಸಂವಹನ ಕಲಿಸುವ ಏಟ್‌ಕಾಮ್ ಪಾಠದಲ್ಲಿ ಮೃತದೇಹವೇ ಮೊದಲ ಗುರು ಎಂಬ ಭಾಗವಿದೆ. ಒಳ್ಳೆಯದೇ. ಮನಸ್ಸಿಟ್ಟು ಮಾಡುವ ಅನಾಟಮಿ ಮೇಷ್ಟರುಗಳೂ ಇದ್ದಾರೆ, ಒಂದೇ ಮಧ್ಯಾಹ್ನ ಇಡೀ ಬ್ಯಾಚಿನ ಲಾಗ್‌ಬುಕ್ಕಿಗೆ ಸಹಿ ಹಾಕಿ ಮುಗಿಸುವವರೂ ಇದ್ದಾರೆ.

ಲೇಬರ್ ವಾರ್ಡಿನ ಬಗ್ಗೆ ಹೆಚ್ಚು ಬರೆಯಲಾರೆ. ಅದಕ್ಕೆ ಬೇರೆಯೇ ಅಂಕಣ ಬೇಕು. ಹೆರಿಗೆ ನೋವಿನಲ್ಲಿ ಕೂಗಿದ ಹೆಂಗಸಿಗೆ ಬೈಗುಳ, ತೊಡೆಗೊಂದು ಏಟು, ಆಡಬಾರದ ಮಾತು. ಇದು ನಾಡಿನ ಅನೇಕ ಕಡೆ ಹೆಂಗಸರೇ ಹೇಳಿಕೊಂಡ ಕಥೆ. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ 'ಲಕ್ಷ್ಯ' ಯೋಜನೆ ತಂದಾಗ ಗೌರವದಿಂದ ಹೆರಿಗೆ ಮಾಡಿಸುವುದನ್ನೂ ಗುರಿಗಳಲ್ಲಿ ಬರೆಯಬೇಕಾಯಿತು. ಅಲ್ಲಿ ಮೊದಲ ಸಲ ನಿಂತ ವಿದ್ಯಾರ್ಥಿ ಹೆರಿಗೆಯ ಹಂತಗಳ ಜೊತೆಗೆ ಇದನ್ನೂ ಕಲಿಯುತ್ತಾನೆ: ನೋವಿನಲ್ಲಿರುವವರ ಮೇಲೆ ರೇಗಬಹುದು, ಯಾರೂ ಏನೂ ಅನ್ನುವುದಿಲ್ಲ. ಪರೀಕ್ಷೆಗೆ ಬರದ ಈ ಪಾಠ ಮರೆತೂ ಹೋಗುವುದಿಲ್ಲ.

"ನಾವೆಲ್ಲ ಬೈಸಿಕೊಂಡೇ ಕಲಿತದ್ದು. ರೋಗಿ ಸಾಯುತ್ತಿರುವಾಗ ನಯವಾಗಿ ಮಾತಾಡಲು ಪುರುಸೊತ್ತೆಲ್ಲಿ?" ಇದು ಹಿರಿಯ ಪ್ರೊಫೆಸರುಗಳ ಮಾತು. ತಳ್ಳಿಹಾಕುವಂಥದ್ದಲ್ಲ. ತುರ್ತು ಹೊತ್ತಿನಲ್ಲಿ ಗಟ್ಟಿ ದನಿ ಬೇಕು, ತಪ್ಪು ಮಾಡಿದ ಪಿಜಿಗೆ ತಪ್ಪು ಎಂದು ನೇರವಾಗಿ ಹೇಳಬೇಕು, ಸುಲಭಕ್ಕೆ ಪಾಸು ಮಾಡಲೂಬಾರದು. ನನ್ನ ತಕರಾರು ಬಿಗಿಯ ಬಗ್ಗೆ ಅಲ್ಲ, ಅವಮಾನದ ಬಗ್ಗೆ. ಇವೆರಡನ್ನು ಬೇರ್ಪಡಿಸಿ ನೋಡಿದ ಪ್ರಯೋಗವೊಂದಿದೆ. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯುಗಳಿಂದ ಬಂದ 24 ತಂಡಗಳಿಗೆ ಅಣಕು ಪ್ರಸಂಗ ಕೊಟ್ಟರು: ದಿನ ತುಂಬದ ಮಗುವಿನ ಸ್ಥಿತಿ ಕೆಡುತ್ತಿದೆ, ಏನು ಮಾಡುತ್ತೀರಿ? ಅರ್ಧ ತಂಡಗಳಿಗೆ ಹೊರಗಿನ ಪರಿಣತನೊಬ್ಬ ಅಲ್ಲಿನ ವೈದ್ಯರ ಮಟ್ಟದ ಬಗ್ಗೆ ತಾತ್ಸಾರದ ಮಾತು ಆಡಿದ. ಕಿರುಚಲಿಲ್ಲ, ಹೆಸರು ಹಿಡಿದು ಬೈಯಲಿಲ್ಲ. ಅಷ್ಟಕ್ಕೇ ಆ ತಂಡಗಳ ರೋಗನಿರ್ಣಯವೂ ಕೈಕೆಲಸವೂ ಕೆಟ್ಟಿತು. 2015ರಲ್ಲಿ ಪ್ರಕಟವಾದ ಈ ಅಧ್ಯಯನ ಕಾರಣವನ್ನೂ ಹೇಳಿತು: ತಂಡದವರು ತಮಗೆ ತಿಳಿದದ್ದನ್ನು ಪರಸ್ಪರ ಹೇಳಿಕೊಳ್ಳುವುದನ್ನೂ ಸಹಾಯ ಕೇಳುವುದನ್ನೂ ಕಮ್ಮಿ ಮಾಡಿದರು. ಬೈಸಿಕೊಂಡ ಹೌಸ್ ಸರ್ಜನ್ ಪೊಟ್ಯಾಸಿಯಂ ರಿಪೋರ್ಟ್ ವಿಚಿತ್ರವಾಗಿದೆ ಎಂದು ರಾತ್ರಿ ಫೋನು ಮಾಡಲು ಹಿಂಜರಿದರೆ ಹೋಗುವುದು ಅವನ ಮರ್ಯಾದೆ ಮಾತ್ರವಲ್ಲ, ರೋಗಿಯ ಜೀವ.

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದರ ವಿಷಯಕ್ಕೆ ಬರೋಣ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದು ರಚಿಸಿದ್ದ ಇದರ ಮುಖ್ಯಸ್ಥರಾಗಿದ್ದವರು ನಮ್ಮ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್. 2024ರ ವರದಿಗಾಗಿ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು ಮತ್ತು 7,035 ಅಧ್ಯಾಪಕರು ಆನ್‌ಲೈನ್‌ನಲ್ಲಿ ಉತ್ತರಿಸಿದರು. ಎಂಬಿಬಿಎಸ್‌ನವರಲ್ಲಿ ಶೇ. 27.8 ಜನ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆಯಿದೆ ಎಂದರು. ಸಾಯುವ ಯೋಚನೆ ಬಂದಿತ್ತು ಎಂದವರು ಎಂಬಿಬಿಎಸ್‌ನಲ್ಲಿ ಶೇ. 16.2, ಪಿಜಿಗಳಲ್ಲಿ ಶೇ. 31.2. ತಾವಾಗಿ ಮುಂದೆ ಬಂದು ಉತ್ತರಿಸಿದವರ ಅಂಕಿಯಾದ್ದರಿಂದ ಒಟ್ಟಾರೆ ಪ್ರಮಾಣ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಎಷ್ಟು ಕಳೆದರೂ ಸಣ್ಣದಾಗುವ ಅಂಕಿಯಲ್ಲ. ವಾರಕ್ಕೆ 74 ಗಂಟೆಗಿಂತ ಹೆಚ್ಚು ಡ್ಯೂಟಿ ಬೇಡ, ವಾರಕ್ಕೊಂದು ರಜೆ ಕೊಡಿ ಎಂದು ಕಾರ್ಯಪಡೆ ಹೇಳಿತು. 74 ಎಂಬುದೇ ಉದಾರವಾಗಿ ಕಾಣುವ ಸ್ಥಿತಿ ಬಂದಿದೆ ಎಂದರೆ ಈಗಿನ ಡ್ಯೂಟಿ ಚಾರ್ಟ್ ಹೇಗಿದ್ದೀತು, ಊಹಿಸಿಕೊಳ್ಳಿ. ನಿದ್ದೆಗೆಟ್ಟು ಮೂವತ್ತು ಗಂಟೆ ನಿಂತವನಿಗೆ ಸಹಾನುಭೂತಿಯ ಕುರಿತು ವರ್ಕ್‌ಶಾಪ್ ಮಾಡುವುದು ಕ್ರೂರ ತಮಾಷೆ.

2022ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಓದುತ್ತಿರುವವರಲ್ಲಿ ಯಾರಿಗಾದರೂ ಬೇಕಿದ್ದರೆ ಬರೆದಿಟ್ಟುಕೊಳ್ಳಿ. ಕಾಲೇಜುಗಳ ನೋಟಿಸ್ ಬೋರ್ಡಿನಲ್ಲೂ ಈ ನಂಬರು ಇರಲಿ. ನನಗೆ ಕಾಣುವ ತೊಡಕು ಬೇರೆ. ಎಂಬಿಬಿಎಸ್‌ನಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಲು ಇಂಟರ್ನಲ್ಸ್‌ನಲ್ಲಿ ಒಟ್ಟು ಶೇ. 50 ಬೇಕು. ಪಿಜಿಯ ಥೀಸಿಸ್ಸಿಗೆ ಗೈಡ್ ಸಹಿ ಬೇಕು. ಅವಮಾನ ಮಾಡಿದವರ ಕೈಯಲ್ಲೇ ಆ ಮಾರ್ಕ್ಸು, ಆ ಸಹಿ ಇರುವಾಗ ದೂರು ಕೊಡು ಎಂದರೆ ಯಾರು ಕೊಟ್ಟಾರು? ವಿಜಯನಗರದ ಒಂದು ಮನೆಯಲ್ಲಿ ಮಗಳ ಫೀಸಿಗೆ ಸಾಲ ಮಾಡಿದ ಅಪ್ಪ "ಐದು ವರ್ಷ ತಾನೇ, ಸಹಿಸ್ಕೊಂಡು ಬಾಮ್ಮ" ಎನ್ನದೆ ಇನ್ನೇನು ಹೇಳಿಯಾನು?

ಆದ್ದರಿಂದ ವಿದ್ಯಾರ್ಥಿಯ ಧೈರ್ಯಕ್ಕೆ ಕಾಯದೆ ಮೇಷ್ಟರ ಕಡೆಯಿಂದ ಆಗಬಹುದಾದ ಕೆಲಸಗಳು ಮೊದಲು. ರೌಂಡ್ಸ್‌ಗೆ ಮುಂಚೆ ಯಾರು ಯಾವ ಕೇಸ್ ಹೇಳುತ್ತಾರೆಂದು ಗೊತ್ತುಮಾಡುವುದು. ಹಿಸ್ಟರಿಯನ್ನು ಮೊದಲು ಕನ್ನಡದಲ್ಲೇ ಹೇಳಲು ಬಿಟ್ಟು, ಆಮೇಲೆ ಇಂಗ್ಲಿಷಿಗೆ ತರಿಸುವುದು. ತಪ್ಪನ್ನು ಬೆಡ್ಡಿನಿಂದಾಚೆ, ಕಾರಿಡಾರಿನಲ್ಲಿ ತಿದ್ದುವುದು. ಎಲ್ಲಕ್ಕೂ ಮೊದಲು, ಹದಿನೈದು ಜನ ಸುತ್ತುವರಿಯುವ ಮುಂಚೆ ಒಬ್ಬರು ಹೋಗಿ, "ಅಮ್ಮ, ಇವರು ಕಲಿಯೋಕೆ ಬಂದಿರೋ ಮಕ್ಕಳು. ಮೂರು ಜನ ನಿಮ್ಮ ಹೊಟ್ಟೆ ಮುಟ್ಟಿ ನೋಡಬಹುದಾ? ಬೇಡ ಅಂದ್ರೂ ನಿಮ್ಮ ಟ್ರೀಟ್‌ಮೆಂಟ್ ಹಂಗೇ ನಡೆಯುತ್ತೆ, ನಡುವೆ ಸಾಕು ಅನ್ನಿಸಿದ್ರೆ ಕೈ ಎತ್ತಿ" ಎಂದು ಕೇಳುವುದು. ಒಂದು ನಿಮಿಷವೂ ಹಿಡಿಯದು. ಹೀಗೆ ಕೇಳುವುದನ್ನು ಕಂಡ ವಿದ್ಯಾರ್ಥಿ ರೋಗಿಗೆ ಬೇಡ ಎನ್ನುವ ಹಕ್ಕಿದೆ ಎಂದು ಕಲಿಯುತ್ತಾನೆ. ತನಗೂ ಇರಬಹುದೇ ಎಂಬ ಗುಮಾನಿಯಾದರೂ ಹುಟ್ಟುತ್ತದೆ.

ವಿದ್ಯಾರ್ಥಿಗಳ ಲಾಗ್‌ಬುಕ್ಕಿನಲ್ಲಿ ಎಷ್ಟು ಹೆರಿಗೆ ನೋಡಿದೆ, ಎಷ್ಟು ಹೊಲಿಗೆ ಹಾಕಿದೆ ಎಂದೆಲ್ಲ ಬರೆಯಲು ಜಾಗವಿರುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ ಕೇಳಿದೆಯಾ, ಅವರು ಏನಂದರು ಎಂದು ಬರೆಯಲೂ ಒಂದು ಕಾಲಂ ಇರಬೇಕು. ಅದನ್ನು ಸೇರಿಸಲು ದೆಹಲಿಯ ಸುತ್ತೋಲೆ ಬರುವ ತನಕ ಕಾಯಬೇಕಿಲ್ಲ. ಪ್ರತಿ ಕಾಲೇಜಿನಲ್ಲೂ ಪಠ್ಯಕ್ರಮ ಸಮಿತಿ, ವೈದ್ಯಕೀಯ ಶಿಕ್ಷಣ ಘಟಕ ಎಂದು ಎರಡು ಇರಬೇಕೆಂಬ ನಿಯಮ ಈಗಾಗಲೇ ಇದೆ. ಮುಂದಿನ ಬ್ಯಾಚಿನ ಲಾಗ್‌ಬುಕ್ ಅಚ್ಚಿಗೆ ಹೋಗುವ ಮುಂಚೆ ಅವರು ಒಂದು ಸಲ ಕೂತು ತೀರ್ಮಾನಿಸಿದರೆ ಸಾಕು.